ಶಿರಸಿ ಚಳಿಯ ಮೆಥಡ್ ಕಾರವಾರದ ಸೆಕೆಗೆ ತಡೆಯಲಿಲ್ಲ

ಕಾಳುಮೆಣಸಿಗೆ ಖಾರ ಕೊಡುವ ಪೈಪರೀನನ್ನು ಎಚ್‌ಪಿಎಲ್‌ಸಿಯಲ್ಲಿ (ದ್ರವದಲ್ಲಿ ಕರಗಿದ್ದನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯುವ ಮೆಥಡ್ಡನ್ನು ಶಿರಸಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ಮಾಡಿದ್ದು ನಾನೇ. ಡಿಸೆಂಬರ್ ತಿಂಗಳು. ಬೇರ್ಪಡಿಸುವ ನಳಿಗೆ ಸಿ18 ಕಾಲಮ್, ಅದರೊಳಗೆ ಹರಿಯಲು ಅರ್ಧ ಅಸಿಟೋನೈಟ್ರೈಲ್ ಎಂಬ ಸಾಲ್ವೆಂಟ್, ಅರ್ಧ ಆಸಿಡ್ ಹಾಕಿದ ನೀರು, ಕಾಲಮ್ ಇಡುವ ಓವನ್ 25 ಡಿಗ್ರಿ, ಅಳೆಯುವ ಬೆಳಕು 343 ನ್ಯಾನೋಮೀಟರ್. ಗ್ರಾಫಿನಲ್ಲಿ ಪೈಪರೀನ್ ಪೀಕೂ ಪಕ್ಕದ ಸಣ್ಣ ಪೀಕೂ ಚೆಂದಾಗಿ ಬೇರೆ ಬೇರೆ ಬಂದವು. ರೆಸಲ್ಯೂಶನ್, ಅಂದರೆ ಎರಡು ಪೀಕು ಎಷ್ಟು ಬಿಡಿಯಾಗಿವೆ ಅನ್ನುವ ಅಳತೆ, 2.1. ಒಂಬತ್ತು ನಿಮಿಷಕ್ಕೆ ರನ್ ಮುಗೀತಿತ್ತು. ನನಗೆ ಒಳಗೊಳಗೇ ಜಂಬ.

ಏಪ್ರಿಲ್‌ನಲ್ಲಿ ಅದೇ ಮೆಥಡ್ ಕಾರವಾರದ ಲ್ಯಾಬಿಗೆ ಹೋಯಿತು. ಎರಡೇ ದಿನಕ್ಕೆ ಫೋನ್. ರೆಸಲ್ಯೂಶನ್ 1.2, ಎರಡು ಪೀಕೂ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿವೆ.

ಬಸ್ ಹತ್ತಿ ಹೋಗಿ ನೋಡಿದೆ. ಅಲ್ಲಿನ ಕಾಲಮ್ ಓವನ್ ಬಿಸಿ ಮಾಡುತ್ತದೆ, ತಣ್ಣಗೆ ಮಾಡುವುದಿಲ್ಲ. ಹೊರಗಿನ ಸೆಕೆ 33 ಡಿಗ್ರಿ ಇರುವಾಗ 25 ಅಂತ ಒತ್ತಿದರೆ ಅದು ಪಾಪ ಎಲ್ಲಿಂದ ತರಬೇಕು? ಇನ್ನೊಂದು ಎಡವಟ್ಟು ಅಳತೆ ಜಾಡಿಯಲ್ಲಿತ್ತು. ಅಲ್ಲಿನವರು 500 ಎಂ.ಎಲ್. ನೀರು ಹಾಕಿ, ಅದರ ಮೇಲೆ ಲೀಟರಿನ ಗೆರೆವರೆಗೆ ಅಸಿಟೋನೈಟ್ರೈಲ್ ಸುರಿಯುತ್ತಿದ್ದರು. ಇವೆರಡೂ ಸೇರಿದರೆ ಜಾಡಿ ತಣ್ಣಗಾಗುತ್ತದೆ, ಮುಟ್ಟಿದರೇ ಗೊತ್ತಾಗುತ್ತದೆ. ಒಟ್ಟು ಅಳತೆ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆಲ್ಲ ಅಸಿಟೋನೈಟ್ರೈಲೇ ಹೋಗುತ್ತದೆ. ನಾನು ಬೇರೆ ಬೇರೆ ಅಳೆದು ಬೆರೆಸುತ್ತಿದ್ದೆ, ಆದರೆ ಅದನ್ನು ಮೆಥಡ್‌ನಲ್ಲಿ ಬರೆದಿರಲಿಲ್ಲ. ತಪ್ಪು ನನ್ನದೇ.

ನಮ್ಮಲ್ಲಿ ಒಬ್ಬರು ಹಿರಿಯ ಮೇಡಂ ಇದ್ದಾರೆ, ಔಷಧಿ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಊರಿಗೆ ಬಂದವರು. ನನ್ನ ಕ್ರೊಮ್ಯಾಟೊಗ್ರಾಮ್ (ಆ ಪೀಕುಗಳ ಗ್ರಾಫ್) ನೋಡಿ, "ಇದು ಅಡಿಕೆ ಮರದ ಸಂಕ ಮಾರಾಯ. ನೀನೊಬ್ಬ ದಾಟ್ತೆ, ಅಷ್ಟೇ" ಅಂದರು. ಮುಂದಿನ ಮೂರು ವಾರ ನನ್ನ ಟ್ರೈನಿಂಗ್.

ಮೊದಲ ದಿನ ಮಷಿನ್ ಮುಟ್ಟಲು ಬಿಡಲಿಲ್ಲ. ಏನು ಅಳೆಯಬೇಕು, ಎಷ್ಟು ತಪ್ಪಾದರೆ ನಡೆಯುತ್ತದೆ, ಅದನ್ನು ಬರಿ ಅಂದರು. ಮೆಣಸಿನಲ್ಲಿ ಶೇ. 3ರಿಂದ 10ರವರೆಗಿನ ಪೈಪರೀನ್, ಆರು ಇಂಜೆಕ್ಷನ್‌ಗಳ ಆರ್‌ಎಸ್‌ಡಿ (ಉತ್ತರಗಳು ಒಂದಕ್ಕೊಂದು ಎಷ್ಟು ಬೇರೆ ಅನ್ನುವುದು) ಶೇ. 2ರ ಒಳಗೆ, ಎಂಥ ದಿನವಾದರೂ ರೆಸಲ್ಯೂಶನ್ 1.5ಕ್ಕಿಂತ ಇಳಿಯಬಾರದು. ಔಷಧಿಯವರಿಗೆ ಈ ದಾರಿಯನ್ನೇ ಹೇಳುವ ಐಸಿಎಚ್ (ಔಷಧಿ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಸಂಸ್ಥೆ) ಕ್ಯೂ14 ಮಾರ್ಗಸೂಚಿ 2023ರ ನವೆಂಬರಿನಲ್ಲಿ ಅಂತಿಮವಾಯಿತು. ಮೆಣಸಿಗೆ ಅದನ್ನು ಯಾರೂ ಕೇಳುವುದಿಲ್ಲ, ಆದರೂ ಒಳ್ಳೆಯದನ್ನು ತಗೊಂಡರೆ ತಪ್ಪೇನು?

ಆಮೇಲೆ ಕೈಕೊಡಬಹುದಾದದ್ದನ್ನೆಲ್ಲ ಪಟ್ಟಿ ಮಾಡಿದೆವು. ಪಿಎಚ್ (ದ್ರಾವಣದ ಆಮ್ಲೀಯತೆಯ ಅಳತೆ) ಆ ಪಟ್ಟಿಯಿಂದ ಮೊದಲೇ ಹೊರಹೋಯಿತು. ಪೈಪರೀನ್ ಒಂದು ಅಮೈಡ್, ನಾವು ಬಳಸುವ ಪಿಎಚ್‌ನಲ್ಲಿ ಅದಕ್ಕೆ ಚಾರ್ಜ್ ಬರುವುದಿಲ್ಲ, ಸ್ವಲ್ಪ ಆಚೀಚೆ ಆದರೆ ಅಲುಗುವುದೂ ಇಲ್ಲ. ಉಳಿದದ್ದು ಮೂರು: ಅಸಿಟೋನೈಟ್ರೈಲ್ ಶೇ. 46ರಿಂದ 50, ಓವನ್ 35ರಿಂದ 45 ಡಿಗ್ರಿ, ಫ್ಲೋ ನಿಮಿಷಕ್ಕೆ 0.9ರಿಂದ 1.1 ಎಂ.ಎಲ್. ಓವನ್ನಿನ ನಡುವಿನ ಬಿಂದು 40, ಇಷ್ಟು ಮೇಲೆ ಯಾಕೆಂದರೆ, ಕಾರವಾರದ ಕೋಣೆಗಿಂತ ಐದಾರು ಡಿಗ್ರಿಯಾದರೂ ಜಾಸ್ತಿ ಇದ್ದರೆ ಮಾತ್ರ ಅದು ಮಾತು ಕೇಳುತ್ತದೆ.

ಒಂದೊಂದನ್ನೇ ಬದಲಿಸಿ ನೋಡಿದೆ. ಮೂರೂ ನಡುವಿನ ಬಿಂದುವಿನಲ್ಲಿದ್ದಾಗ ರೆಸಲ್ಯೂಶನ್ 2.2. ಅಸಿಟೋನೈಟ್ರೈಲ್ ಮಾತ್ರ 50ಕ್ಕೆ ಏರಿಸಿದರೆ 1.8. ಓವನ್ ಮಾತ್ರ 45ಕ್ಕೆ ಏರಿಸಿದರೆ 1.9. "ಎಲ್ಲ ಪಾಸ್ ಮೇಡಂ" ಅಂದೆ. ಅವರು ನಕ್ಕು ಬಾಕ್ಸ್-ಬೆಂಕೆನ್ ಎಂಬ ಪ್ರಯೋಗ ಯೋಜನೆಯ ಹಾಳೆ ಕೊಟ್ಟರು. ಮೂರು ಅಂಶಕ್ಕೆ 15 ರನ್, ಅದರಲ್ಲಿ ಮೂರು ನಡುವಿನ ಬಿಂದುವಿನವು. ಇದರಲ್ಲಿ ಎರಡೆರಡು ಅಂಶ ಒಟ್ಟಿಗೇ ತುದಿಗೆ ಹೋಗುತ್ತವೆ.

ನಾನು ಜಾಣತನ ಮಾಡಿ ರನ್‌ಗಳನ್ನು 35ರಿಂದ 45 ಡಿಗ್ರಿಗೆ ಸಾಲಾಗಿ ಜೋಡಿಸಿದೆ, ಓವನ್ ಕಾಯುವ ಹೊತ್ತು ಉಳಿಯಲಿ ಅಂತ. ಮೇಡಂ ಹಾಳೆ ಹರಿದರು. ದಿನವಿಡೀ ಬೇರೇನೋ ನಿಧಾನ ಬದಲಾಗುತ್ತಾ ಹೋದರೆ ಅದೂ ಉಷ್ಣತೆಯ ಲೆಕ್ಕಕ್ಕೇ ಬೀಳುತ್ತದಲ್ಲ! ಚೀಟಿ ಎತ್ತಿ ಕ್ರಮ ಹಾಕಿದೆವು. ಹೀಗಾಗಿ ಪ್ರತಿ ಸಲ ಓವನ್ ಬದಲಾದಾಗ ಸುಮ್ನೆ ಕಾಯುವುದು, ಚಹಾ ಕುಡಿಯುವುದು. ಒಂದು ಮಧ್ಯಾಹ್ನ ಹೋಲಿಕೆಗೆ ಬಳಸುವ ಪೈಪರೀನ್ ಸ್ಟ್ಯಾಂಡರ್ಡ್ ದ್ರಾವಣವನ್ನು ಪಾರದರ್ಶಕ ಫ್ಲಾಸ್ಕಿನಲ್ಲೇ ಕಿಟಕಿ ಪಕ್ಕ ಮರೆತೆ. ಬೆಳಕು ಬಿದ್ದರೆ ಪೈಪರೀನ್ ತನ್ನದೇ ಐಸೋಮರ್‌ಗಳಾಗಿ (ಅದೇ ಪರಮಾಣುಗಳು, ಆಕಾರ ಬೇರೆ) ತಿರುಗುತ್ತದೆ. ಇಲ್ಲದ ಪೀಕ್ ಹುಟ್ಟಿ, ಅರ್ಧ ದಿನದ ಕೆಲಸ ಹಾಳು. ಈಗ ಕಂದು ಬಾಟಲಿ, ಮೇಲೆ ಅಲ್ಯೂಮಿನಿಯಂ ಹಾಳೆ.

ಹನ್ನೊಂದನೇ ರನ್‌ನಲ್ಲಿ ಉತ್ತರ ಸಿಕ್ಕಿತು. ಅಸಿಟೋನೈಟ್ರೈಲ್ 50, ಓವನ್ 45, ಎರಡೂ ಒಟ್ಟಿಗೆ. ರೆಸಲ್ಯೂಶನ್ 1.3. ಕಾರವಾರದಲ್ಲಿ ಆದದ್ದೂ ಇದೇ ಥರ: ಸೆಕೆಯೂ ಏರಿತ್ತು, ಜಾಡಿಯಲ್ಲಿ ಅಸಿಟೋನೈಟ್ರೈಲೂ ಏರಿತ್ತು. ಒಂದೊಂದೇ ಬಂದಿದ್ದರೆ ಹೇಗೋ ಸುಧಾರಿಸುತ್ತಿತ್ತು. ಫ್ಲೋ ಬಡಪಾಯಿ, ಪೀಕ್ ಬರುವ ಹೊತ್ತು ಬದಲಿಸಿತೇ ಹೊರತು ರೆಸಲ್ಯೂಶನ್ನಿಗೆ ಹೆಚ್ಚೇನೂ ಮಾಡಲಿಲ್ಲ.

ಕೊನೆಗೆ ಅಸಿಟೋನೈಟ್ರೈಲ್ 47, ಓವನ್ 40 ಅಂತ ನಿಲ್ಲಿಸಿದೆವು. ಶೇ. 1 ಆಚೀಚೆ, 3 ಡಿಗ್ರಿ ಆಚೀಚೆ ಆದರೂ ತೊಂದರೆಯಿಲ್ಲ ಅಂತ ಆ ಮೂಲೆಗಳಲ್ಲೇ ಮತ್ತೆ ಇಂಜೆಕ್ಟ್ ಮಾಡಿ ನೋಡಿಕೊಂಡೆವು. ರನ್ ಈಗ ಹನ್ನೊಂದು ನಿಮಿಷ. ಸಾಲ್ವೆಂಟ್ ಜಾಸ್ತಿ ಹೋಗುತ್ತದೆ ಅಂತ ಯಜಮಾನರದ್ದು ಸಣ್ಣ ಕಿರಿಕಿರಿ ಇದ್ದೇ ಇದೆ. ಬೇರೆ ಬೇರೆ ಅಳೆದು ಬೆರೆಸಬೇಕು ಅನ್ನುವುದನ್ನು ಈ ಸಲ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಕಾರವಾರದಲ್ಲಿ ಮೇ ತಿಂಗಳಿಡೀ ನಡೆಯಿತು, 2ಕ್ಕಿಂತ ಕೆಳಗೆ ಇಳಿಯಲಿಲ್ಲ. ಆದರೆ ಇಷ್ಟೂ ಕೆಲಸ ಒಂದೇ ಲಾಟಿನ (ಒಟ್ಟಿಗೆ ತಯಾರಾದ ಕಂತಿನ) ಕಾಲಮ್‌ನಲ್ಲಿ ಆದದ್ದು. ಬೇರೆ ಲಾಟಿನದಕ್ಕೆ ಆರ್ಡರ್ ಹಾಕಿದ್ದೇವೆ, ಇನ್ನೂ ಬಂದಿಲ್ಲ.