ಚರ್ಮದಡಿಯ ಗಂಟಿಗೆ ಬಯಾಪ್ಸಿ: ಓಟಿ ನರ್ಸ್ ಒಬ್ಬಳ ಸಲಹೆಗಳು

ಚೀಟಿಯಲ್ಲಿ ‘ಬಯಾಪ್ಸಿ’ ಎಂದು ಬರೆದದ್ದನ್ನು ಹೆಚ್ಚಿನವರು ‘ಕ್ಯಾನ್ಸರ್’ ಎಂದೇ ಓದಿಕೊಂಡು ಬರುತ್ತಾರೆ. ಮೈನರ್ ಓಟಿಯಲ್ಲಿ, ಅಂದರೆ ಸಣ್ಣ ಶಸ್ತ್ರಚಿಕಿತ್ಸೆಗಳ ಕೋಣೆಯಲ್ಲಿ, ನರ್ಸ್ ಆಗಿ ಇಷ್ಟು ವರ್ಷ ನಿಂತವಳಾಗಿ ಹೇಳುತ್ತೇನೆ: ತೋಳು, ಬೆನ್ನು, ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಬಹುಪಾಲು ಕೊಬ್ಬಿನ ಗಡ್ಡೆ, ಸಿಸ್ಟ್ (ಒಳಗೆ ದ್ರವ ತುಂಬಿದ ಚೀಲ) ಅಥವಾ ಊದಿಕೊಂಡ ದುಗ್ಧರಸ ಗ್ರಂಥಿ (ಲಿಂಫ್ ನೋಡ್). ಕುತ್ತಿಗೆಯದಾದರೆ ಕ್ಷಯವೂ ಇರಬಹುದು. ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿ ಖಚಿತವಾಗದಿದ್ದಾಗ ಚೂರು ತೆಗೆದು ಪರೀಕ್ಷಿಸುತ್ತಾರೆ, ಅಷ್ಟೇ.

ಮೊದಲು ಯಾವ ಬಗೆಯದು ಎಂದು ಕೇಳಿ. ಎಫ್‌ಎನ್‌ಎಸಿ ಎಂದರೆ ರಕ್ತ ತೆಗೆಯುವಂಥ ತೆಳು ಸೂಜಿಯಿಂದ ಜೀವಕೋಶಗಳನ್ನು ಹೀರಿ ಗಾಜಿನ ಸ್ಲೈಡಿಗೆ ಸವರುವುದು. ಇದಕ್ಕೆ ಹೊಲಿಗೆ ಇಲ್ಲ. ಕೋರ್ ಬಯಾಪ್ಸಿಯಲ್ಲಿ ದಪ್ಪ ಸೂಜಿ ಒಂದೆರಡು ಸೆಂಟಿಮೀಟರ್ ಉದ್ದದ ಎಳೆಯನ್ನೇ ಕತ್ತರಿಸಿ ತರುತ್ತದೆ. ಚರ್ಮದ ಮೇಲಿನದಕ್ಕೆ ನಾಲ್ಕೈದು ಮಿಲಿಮೀಟರ್ ಅಗಲದ ಪಂಚ್, ಅಂದರೆ ದುಂಡನೆಯ ಅಲಗಿನ ಉಪಕರಣ, ಸಾಕು. ಗಂಟು ಚಿಕ್ಕದಾಗಿದ್ದರೆ ಇಡಿಯಾಗಿಯೇ ತೆಗೆದುಬಿಡುತ್ತಾರೆ. ಆದರೆ ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಬೇಗ ಬೆಳೆಯುತ್ತಿದ್ದರೆ ಅಥವಾ ಆಳದಲ್ಲಿದ್ದರೆ ‘ಇಲ್ಲೇ ಕತ್ತರಿಸಿಬಿಡಿ’ ಎಂದು ಒತ್ತಾಯಿಸಬೇಡಿ. ಅಂಥದ್ದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಮುಂದೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಅದನ್ನು ಮಾಡುವವರೇ ಸೂಜಿ ಚುಚ್ಚುವ ಜಾಗವನ್ನೂ ನಿರ್ಧರಿಸಬೇಕು. ಗಂಟನ್ನು ಕೆಣಕಿದರೆ ಹಬ್ಬುತ್ತದೆ ಎಂಬ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಸೂಜಿಯ ದಾರಿಯಲ್ಲಿ ರೋಗ ಹರಡುವುದು ತೀರಾ ಅಪರೂಪ. ರೋಗ ಯಾವುದೆಂದು ತಿಳಿಯದೆ ಆರು ತಿಂಗಳು ನಾಟಿ ಪಟ್ಟು ಹಾಕಿಸಿಕೊಳ್ಳುವುದೇ ನಿಜವಾದ ಅಪಾಯ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಗಂಟಿಗಿಂತ ದೊಡ್ಡ ಕುತ್ತು. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಖಾಲಿ ಸ್ಟ್ರಿಪ್ ಅನ್ನೇ ಚೀಲಕ್ಕೆ ಹಾಕಿಕೊಳ್ಳಿ. ಹಲ್ಲು ಕೀಳಿಸುವಾಗ ಅರಿವಳಿಕೆಯ ಚುಚ್ಚುಮದ್ದಿಗೆ ತೊಂದರೆಯಾಗಿತ್ತೇ ಎಂಬುದನ್ನೂ ತಿಳಿಸಿ. ಜಾಗ ಮಾತ್ರ ಮರಗಟ್ಟಿಸುವುದಾದರೆ ಸಾಮಾನ್ಯವಾಗಿ ಉಪವಾಸ ಬೇಡ. ಬೇಡದ ಉಪವಾಸ ಮಾಡಿ ಬಂದವರೇ ಮೇಜಿನ ಮೇಲೆ ತಲೆ ತಿರುಗಿ ಬೀಳುವುದು ಹೆಚ್ಚು.

ಒಳಗೆ ನೋವಿನ ಪಾಲೆಲ್ಲ ಮೊದಲ ಚುಚ್ಚುಮದ್ದಿನದು. ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಆಮ್ಲೀಯವಾದ್ದರಿಂದ ಹತ್ತಿಪ್ಪತ್ತು ಸೆಕೆಂಡು ಉರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಜಾಗ ಜೋಮು ಹಿಡಿಯುತ್ತದೆ. ಆಮೇಲೆ ಎಳೆತ, ಒತ್ತಡ ಗೊತ್ತಾಗುತ್ತದೆ, ಚುಚ್ಚಿದ ನೋವು ಆಗಬಾರದು. ನೋವಾದರೆ ತಡೆದುಕೊಳ್ಳದೆ ಹೇಳಿ, ಇನ್ನಷ್ಟು ಔಷಧಿ ಹಾಕುತ್ತಾರೆ. ಕೋರ್ ಸೂಜಿಗೆ ಸ್ಪ್ರಿಂಗ್ ಇರುವುದರಿಂದ ‘ಟಕ್’ ಎಂದು ಜೋರಾದ ಸದ್ದಾಗುತ್ತದೆ. ಬೆಚ್ಚಿ ಕೈ ಎಳೆದುಕೊಳ್ಳುವುದು ಈ ಸದ್ದಿಗೇ, ನೋವಿಗಲ್ಲ. ಆದ್ದರಿಂದ ‘ಮೊದಲು ಗಾಳಿಯಲ್ಲಿ ಒಮ್ಮೆ ಸದ್ದು ಕೇಳಿಸಿ’ ಎನ್ನಿ. ಸಾಕಷ್ಟು ಅಂಗಾಂಶ ಸಿಗಲೆಂದು ಎರಡು ಮೂರು ಬಾರಿ ಚುಚ್ಚುವುದು ಮಾಮೂಲು, ಏನೋ ಕೆಟ್ಟಿದೆ ಎಂದು ಅರ್ಥವಲ್ಲ.

ಈಗ ಬಾಟಲಿಯ ವಿಷಯ. ಅನೇಕ ಕಡೆ ಚೂರನ್ನು ಪ್ರಯೋಗಾಲಯಕ್ಕೆ ಒಯ್ಯುವುದು ನಿಮ್ಮ ಮನೆಯವರೇ, ಮತ್ತು ಕೆಲಸ ಕೆಡುವುದೂ ಅಲ್ಲೇ. ಹಿಸ್ಟೋಪೆಥಾಲಜಿಗೆ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಹೋಗುವ ಚೂರು, ಅದು ಕೊಳೆಯದಂತೆ ಕಾಯುವ ಶೇಕಡ 10ರ ಫಾರ್ಮಲಿನ್ ದ್ರವದಲ್ಲಿ ಪೂರ್ತಿ ಮುಳುಗಿರಬೇಕು. ಸೋರಿದರೆ ನೀರನ್ನೋ ಡೆಟಾಲನ್ನೋ ತುಂಬಿಸಬೇಡಿ, ಹಿಂದಕ್ಕೆ ತನ್ನಿ. ಕ್ಷಯದ ಅನುಮಾನವಿದ್ದರೆ ಕಲ್ಚರ್‌ಗೆಂದು (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಇನ್ನೊಂದು ಚೂರನ್ನು ಬೇರೆ ಬಾಟಲಿಯಲ್ಲಿ ಸಲೈನ್‌ನಲ್ಲಿ ಕೊಡುತ್ತಾರೆ. ಫಾರ್ಮಲಿನ್ ರೋಗಾಣುವನ್ನೇ ಕೊಲ್ಲುವುದರಿಂದ ಎರಡೂ ಅದಲುಬದಲಾಗಬಾರದು. ಓಟಿಯ ಬಾಗಿಲಲ್ಲೇ ನಿಂತು ಲೇಬಲ್ ಓದಿ: ಹೆಸರು, ವಯಸ್ಸು, ಎಡವೋ ಬಲವೋ. ಮಂಜುನಾಥರೂ ಲಕ್ಷ್ಮಮ್ಮಂದಿರೂ ಒಂದೇ ಬೆಳಿಗ್ಗೆ ಹಲವರಿರುತ್ತಾರೆ. ಬಾಟಲಿಯನ್ನು ಬಸ್ಸಿನಲ್ಲಿ ಮಕ್ಕಳ ಕೈಗೆ ಕೊಡಬೇಡಿ, ಮುಚ್ಚಳ ತೆರೆದು ಮೂಸಬೇಡಿ. ಕಣ್ಣು ಮೂಗು ಉರಿಯುತ್ತವೆ.

ಗಾಯವನ್ನು ಮೊದಲ ಒಂದೆರಡು ದಿನ ಒದ್ದೆ ಮಾಡದಿದ್ದರೆ ಸಾಕು. ಅರಿಶಿನ, ಕಾಫಿಪುಡಿ ಬೇಡ. ನೋವಿಗೆ ಪ್ಯಾರಾಸಿಟಮಾಲ್. ಸುತ್ತ ನೀಲಿಗಟ್ಟುವುದು ಸಹಜ. ರಕ್ತ ಒಸರಿದರೆ ಶುಭ್ರ ಬಟ್ಟೆಯಿಂದ ಹದಿನೈದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡುತ್ತಾ ಕೂರಬೇಡಿ. ಆಗಲೂ ನಿಲ್ಲದಿದ್ದರೆ, ಕೀವು, ಜ್ವರ ಅಥವಾ ಹೆಚ್ಚುತ್ತಿರುವ ಕೆಂಪು ಕಂಡರೆ ಅಂದೇ ಬನ್ನಿ. ಹೊಲಿಗೆಯನ್ನು ಮುಖದಲ್ಲಾದರೆ ಸುಮಾರು ಐದರಿಂದ ಏಳು ದಿನಕ್ಕೆ, ಬೆನ್ನು ಮತ್ತು ಕಾಲಿನಲ್ಲಾದರೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ.

ಎಫ್‌ಎನ್‌ಎಸಿ ವರದಿ ಒಂದೆರಡು ದಿನದಲ್ಲಿ ಸಿಗಬಹುದು, ಹಿಸ್ಟೋಪೆಥಾಲಜಿಗೆ ಸುಮಾರು ವಾರ ಬೇಕು. ವಿಶೇಷ ಬಣ್ಣ ಹಾಕಿ ನೋಡಬೇಕೆಂದರೆ ಇನ್ನೂ ತಡ. ತಡವಾದದ್ದಕ್ಕೆಲ್ಲ ಅಳುತ್ತಾ ಕೂರಬೇಕಿಲ್ಲ. ‘ಇನ್‌ಕನ್‌ಕ್ಲೂಸಿವ್’ ಎಂದಿದ್ದರೆ ಚೂರು ಸಾಲಲಿಲ್ಲ ಅಥವಾ ಖಚಿತವಾಗಲಿಲ್ಲ ಎಂದರ್ಥ, ರೋಗವಿಲ್ಲ ಎಂದಲ್ಲ, ಮತ್ತೆ ಮಾಡಿಸಬೇಕಾಗಬಹುದು. ನಿಮ್ಮ ಚೂರು ಮೇಣದ ಬ್ಲಾಕ್ ಆಗಿ ಪ್ರಯೋಗಾಲಯದಲ್ಲಿ ಉಳಿದಿರುತ್ತದೆ. ಎರಡನೆಯ ಅಭಿಪ್ರಾಯಕ್ಕೆಂದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಹೊರಟರೆ ವರದಿಯ ಜೆರಾಕ್ಸ್ ಸಾಲದು. ಅರ್ಜಿ ಕೊಟ್ಟು ಸ್ಲೈಡ್, ಬ್ಲಾಕ್ ಎರಡನ್ನೂ ಪಡೆಯಿರಿ, ಕರಗದಂತೆ ಬಿಸಿಲಿನಿಂದ ದೂರವಿಟ್ಟು ಒಯ್ಯಿರಿ.