ರಿಪೇರಿಗೆ ಬಂದ ಹಾಯಿದೋಣಿ: ಕೊಳ್ಳುವ ಮುನ್ನ ನಾನು ಹಾಕಿದ ಲೆಕ್ಕ

ಹಳೆಯ ಹಾಯಿದೋಣಿಯನ್ನು ಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಇಂಜಿನ್ ನೋಡಿ ತೀರ್ಮಾನಿಸಬಾರದು, ದೋಣಿಯ ಮೇಲಿನ ತಟ್ಟಾದ ಡೆಕ್ ನೋಡಿ ತೀರ್ಮಾನಿಸಬೇಕು ಎಂದು ನಾನು ಹೇಳುತ್ತಿದ್ದಾಗ ಒಪ್ಪಿದವರು ಬಹಳ ಕಡಿಮೆ. ದೋಣಿ ಪರೀಕ್ಷಿಸುವ ಸರ್ವೇಯರ್‌ನ ವರದಿ ಸಾಕು, ಉಳಿದದ್ದು ಅತಿಯಾದ ಅನುಮಾನ ಎಂದವರೇ ಹೆಚ್ಚು. ಇಂದು ನನ್ನ ದೋಣಿ ನೀರಿನಲ್ಲಿದೆ, ಮತ್ತು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದಿಟ್ಟ ರಿಪೇರಿ ಮೊತ್ತಕ್ಕಿಂತ ನಿಜವಾದ ಖರ್ಚು ಹೆಚ್ಚೆಂದರೆ ಶೇಕಡಾ ಹತ್ತರಷ್ಟು ಮೇಲೇರಿತು. ಹಳೆಯ ದೋಣಿಯ ವಿಷಯದಲ್ಲಿ ಇಷ್ಟು ಹತ್ತಿರ ಬಂದ ಅಂದಾಜನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ನೋಡಿದ ದೋಣಿಗೆ ಹೊಸ ಇಂಜಿನ್, ಹೊಸ ಬಣ್ಣ, ಹೊಸ ಮೆತ್ತೆ ಎಲ್ಲವೂ ಇದ್ದವು. ಆದರೆ ಹಾಯಿಕಂಬದ ತಂತಿಗಳನ್ನು ದೋಣಿಗೆ ಬಿಗಿಯುವ ಲೋಹದ ಪಟ್ಟಿ, ಅಂದರೆ ಚೈನ್‌ಪ್ಲೇಟ್, ಡೆಕ್ ದಾಟುವ ಜಾಗದ ಸುತ್ತ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದರೆ ಸದ್ದು ಸತ್ತುಹೋಗುತ್ತಿತ್ತು, ಒಳಗೆ ಬಲ್ಕ್‌ಹೆಡ್ ಎಂಬ ಅಡ್ಡಗೋಡೆಯ ಪ್ಲೈವುಡ್ ಮೇಲೆ ಕಪ್ಪು ಕಲೆ ಇಳಿದಿತ್ತು. ಮೇಲಿನ ಫೈಬರ್ ಪದರವನ್ನು ಕತ್ತರಿಸಿ, ಡೆಕ್‌ನ ಪದರಗಳ ನಡುವೆ ಕೋರ್ ಆಗಿ ತುಂಬಿದ್ದ, ಈಗ ಕೊಳೆತ ಬಾಲ್ಸಾ ಎಂಬ ಹಗುರ ಮರವನ್ನು ಕೆರೆದು ತೆಗೆದು, ಹೊಸ ಕೋರನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಮತ್ತೆ ಫೈಬರ್ ಬಟ್ಟೆ ಹೊದಿಸಿ ಬಣ್ಣ ಬಳಿಯುವವರೆಗಿನ ಕೂಲಿಯನ್ನು ಲೆಕ್ಕ ಹಾಕಿದಾಗ, ಅದು ಮಾಲೀಕರು ಕೇಳಿದ ಬೆಲೆಯ ಒಂದೂವರೆ ಪಟ್ಟನ್ನು ದಾಟಿತು. ಮೂಗಿಗಿಂತ ಮೂಗುತಿ ಭಾರವಾಗುವ ಆ ದೋಣಿಯನ್ನು ಬಿಟ್ಟು ಬಂದಾಗ, ಹೊಸ ಇಂಜಿನ್ನೇ ಅಷ್ಟು ಬೆಲೆ ಬಾಳುತ್ತದೆ ಎಂದು ಗೆಳೆಯರು ಬೇಸರಪಟ್ಟುಕೊಂಡರು.

ತೇವ ಅಳೆಯುವ ಮೀಟರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ದೋಣಿಯ ತಳಕ್ಕೆ ಪಾಚಿ, ಚಿಪ್ಪುಜೀವಿ ಅಂಟದಂತೆ ಬಳಿಯುವ ತಾಮ್ರವಿರುವ ಆಂಟಿಫೌಲಿಂಗ್ ಬಣ್ಣ, ಡೆಕ್ ಹಿಂದೆ ಅಡಗಿದ ಲೋಹದ ಪಟ್ಟಿ, ಮೇಲ್ಮೈಯ ಪಸೆ, ಇವೆಲ್ಲವೂ ಮುಳ್ಳನ್ನು ಮೇಲೇರಿಸುತ್ತವೆ. ಆದ್ದರಿಂದ ಸೋರಿಕೆಯನ್ನು ಕಣ್ಣಾರೆ ನೋಡಲೆಂದು ನಾನು ಚೆನ್ನಾಗಿ ಮಳೆ ಸುರಿದ ಮರುದಿನವೇ ಹೋಗುತ್ತೇನೆ. ಮಾಲೀಕರ ಒಪ್ಪಿಗೆ ಪಡೆದು ಡೆಕ್ ಅಂಚಿನ ಕಟಕಟೆಯ ಕಂಬ, ಅಂದರೆ ಸ್ಟಾಂಚನ್, ಅದರ ಬುಡದ ಬೋಲ್ಟ್‌ಗಳನ್ನು ಬಿಚ್ಚಿ, ತುದಿ ಬಾಗಿಸಿದ ತಂತಿಯನ್ನು ತೂತಿನಲ್ಲಿಳಿಸಿ ಕೋರನ್ನು ಕೆರೆಯುತ್ತೇನೆ. ಒಣಗಿದ ಬಾಲ್ಸಾ ತಿಳಿಬಣ್ಣದ ಪುಡಿಯಾಗಿ ಉದುರುತ್ತದೆ, ಕೊಳೆತದ್ದು ಕಂದು ನೀರಿನೊಂದಿಗೆ ನಾರುನಾರಾಗಿ ಬೆರಳಿಗೆ ಅಂಟುತ್ತದೆ. ಯಾವ ಬೋಲ್ಟನ್ನು ಮೊದಲು ಬಿಚ್ಚಬೇಕು ಎಂಬ ಗುಟ್ಟನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಕುತೂಹಲಕ್ಕೆಂದು ಹೀಗೆ ಕೆರೆದ ಚೂರುಗಳನ್ನು ಹಲವು ದೋಣಿಗಳಿಂದ ತಂದು, ತೂಗಿ, ಸಣ್ಣ ಉರಿಯಲ್ಲಿ ಒಣಗಿಸಿ, ಮತ್ತೆ ತೂಗಿ, ಸುತ್ತಿಗೆಯ ಸದ್ದಿನ ಟಿಪ್ಪಣಿಯೊಂದಿಗೆ ಹೋಲಿಸಿ ನೋಡಿದೆ. ಒದ್ದೆಯಾದರೂ ಫೈಬರ್ ಪದರಕ್ಕೆ ಇನ್ನೂ ಅಂಟಿಕೊಂಡಿರುವ ಕೋರ್ ಬಹುಮಟ್ಟಿಗೆ ಗಟ್ಟಿ ಸದ್ದನ್ನೇ ಕೊಡುತ್ತದೆ. ಪದರ ಬಿಟ್ಟುಕೊಂಡ ಮೇಲಷ್ಟೇ ಸದ್ದು ಮಂಕಾಗುತ್ತದೆ. ಬರೀ ತಟ್ಟಿ ನೋಡಿ ಒಪ್ಪಿಗೆ ಕೊಡುವವರು ಕೈಸುಟ್ಟುಕೊಳ್ಳುವುದು ಇಲ್ಲಿಯೇ.

ದೋಣಿಯ ಹೊರಮೈಯಾದ ಹಲ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. 1959ರಲ್ಲಿ ಬಂದ ಪಿಯರ್ಸನ್ ಟ್ರೈಟನ್‌ನಂಥ ಮೊದಲ ತಲೆಮಾರಿನ ಫೈಬರ್‌ಗ್ಲಾಸ್ ದೋಣಿಗಳ ದಪ್ಪ ಹಲ್ ಇಂದಿಗೂ ಗಟ್ಟಿಯಾಗಿರುತ್ತದೆ, ತೊಂದರೆ ಕೊಡುವುದು ಅವುಗಳ ಬಾಲ್ಸಾ ತುಂಬಿದ ಡೆಕ್. ಫೈಬರ್ ಪದರದೊಳಕ್ಕೆ ನೀರು ಇಳಿದು ನೀರಿನ ಗೆರೆಯ ಕೆಳಗೆ ಏಳುವ ಆಸ್ಮಾಸಿಸ್ ಗುಳ್ಳೆಗಳು ನೋಡಲು ಭಯ ಹುಟ್ಟಿಸಿದರೂ ನನಗೆ ಬೆಲೆ ಇಳಿಸಲು ನೆರವಾಗಿವೆಯೇ ಹೊರತು ದೋಣಿಯನ್ನು ಬಿಡಲು ಕಾರಣವಾಗಿಲ್ಲ.

ಹಣದ ವಿಷಯದಲ್ಲಿ ನನ್ನ ಪದ್ಧತಿ ಕಠಿಣವಾದದ್ದು. ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ಸ್ಟೇನ್‌ಲೆಸ್ ತಂತಿಗಳು ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತವೆ. ಅವುಗಳ ವಯಸ್ಸಿಗೆ ದಾಖಲೆಯಿಲ್ಲದಿದ್ದರೆ ಇಡೀ ಸ್ಟ್ಯಾಂಡಿಂಗ್ ರಿಗ್ಗಿಂಗ್, ಅಂದರೆ ಆ ತಂತಿಗಳ ಸೆಟ್ಟನ್ನೇ, ಹೊಸದಾಗಿ ಹಾಕಿಸಬೇಕು ಎಂದೇ ಬರೆಯುತ್ತೇನೆ. ಚೈನ್‌ಪ್ಲೇಟ್ ಒಂದನ್ನಾದರೂ ಹೊರಗೆ ಎಳೆಸುತ್ತೇನೆ, ಏಕೆಂದರೆ ಗಾಳಿಯಾಡದ ಡೆಕ್ ಸಂದಿಯಲ್ಲಿ ಒದ್ದೆ ನಿಂತ ಸ್ಟೇನ್‌ಲೆಸ್ ಉಕ್ಕು ಒಳಗೊಳಗೇ ಸೀಳುತ್ತದೆ. ಹಲ್‌ನ ತೂತಿಗೆ ಕೂರಿಸಿದ ನೀರಿನ ಕವಾಟ, ಅಂದರೆ ಸೀಕಾಕ್, ಅದನ್ನು ಕೆರೆದಾಗ ಗುಲಾಬಿ ಬಣ್ಣ ಕಂಡರೆ ಹಿತ್ತಾಳೆಯಿಂದ ಸತು ಕರಗಿಹೋಗಿದೆ ಎಂದರ್ಥ, ಅದೂ ಪಟ್ಟಿಗೆ ಸೇರುತ್ತದೆ. ಇಂಜಿನ್ ಚಾಲೂ ಮಾಡುವ ಮೊದಲು ಬ್ಲಾಕ್ ಮುಟ್ಟಿ, ತಣ್ಣಗಿದೆಯೇ ಎಂದು ನೋಡುತ್ತೇನೆ. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬರುತ್ತೇನೆ. ನನ್ನ ಸ್ವಂತ ದುಡಿಮೆಯ ಗಂಟೆಗಳನ್ನು ಅಂದಾಜಿನಲ್ಲಿ ದುಪ್ಪಟ್ಟು ಮಾಡಿ ಬರೆಯುತ್ತೇನೆ. ರಿಪೇರಿ ನಡೆಯುವಷ್ಟು ಕಾಲ ದೋಣಿ ದಡದಲ್ಲಿ ನಿಲ್ಲುವ ಬಾಡಿಗೆಯನ್ನು ಬರೆಯಲು ಹೆಚ್ಚಿನವರು ಮರೆಯುತ್ತಾರೆ. ನನ್ನ ಒಟ್ಟು ಖರ್ಚಿನಲ್ಲಿ ಅದೇ ಸುಮಾರು ಎಂಟನೆಯ ಒಂದು ಭಾಗವಾಯಿತು, ರಿಗ್ಗಿಂಗ್ ಹತ್ತಿರಹತ್ತಿರ ಮೂರನೆಯ ಒಂದು ಭಾಗ ನುಂಗಿತು.

ಈಗ ನನ್ನದಾಗಿರುವ ದೋಣಿಗೂ ಹೀಗೆಯೇ ಇವೆಲ್ಲದರ ಮೊತ್ತವನ್ನು ಅದೇ ಮಾದರಿಯ ಸುಸ್ಥಿತಿಯ ದೋಣಿಯ ಬೆಲೆಯಿಂದ ಕಳೆದು, ಉಳಿದದ್ದರಲ್ಲಿ ಮತ್ತೆ ಐದನೆಯ ಒಂದು ಭಾಗ ಕಳೆದು ನನ್ನ ಬೆಲೆ ಹೇಳಿದೆ. ಮಾಲೀಕರು ಆಗ ಒಪ್ಪಲಿಲ್ಲ. ಬೇರೆ ಗಿರಾಕಿ ಸಿಗದೆ ಒಂದು ಹಂಗಾಮು ಕಳೆದ ಮೇಲೆ ಅವರೇ ಕರೆದರು. ಆಗ ದೋಣಿಯನ್ನು ಮೇಲೆತ್ತಿಸಿ, ಅವರ ಎದುರಿನಲ್ಲಿಯೇ ರಡ್ಡರ್‌ನ, ಅಂದರೆ ಚುಕ್ಕಾಣಿಯ, ತಳದಲ್ಲಿ ಸಣ್ಣ ತೂತು ಕೊರೆದೆ. ಒಳಗಿನ ಫೋಮ್ ಕುಡಿದಿದ್ದ ನೀರು ರಾತ್ರಿಯಿಡೀ ತೊಟ್ಟಿಕ್ಕಿತು. ಬೆಳಿಗ್ಗೆ ಹೊಸ ರಡ್ಡರ್‌ನ ಖರ್ಚನ್ನೂ ಇಳಿಸಿ, ಅವರು ಮೊದಲು ಕೇಳಿದ್ದರ ಸುಮಾರು ಶೇಕಡಾ 40ಕ್ಕೆ ವ್ಯವಹಾರ ಮುಗಿಸಿದೆವು.