ಒಂದು ಶುಕ್ರವಾರ ಸಾಕು: ನನ್ನ ಮೊದಲ ನಿರ್ದೇಶನ

ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದ ನಟ ನಾನು. ಮರಾಠಿ ಧಾರಾವಾಹಿಗಳಲ್ಲೂ ಪಾತ್ರ ಮಾಡಿದ್ದೇನೆ. ನಿರ್ದೇಶನಕ್ಕೆ ಕೈ ಹಾಕಿದ್ದು ಇದೇ ಮೊದಲು, ಅದೂ ಒಂದು ಬೆನೆ ಇಸ್ರೇಲ್ ಕುಟುಂಬದ ನೆನಪುಗಳ ಮೇಲೆ ಮಾಡಿದ ಮರಾಠಿ ಕಿರುಚಿತ್ರ. ಅದನ್ನು ಹೇಗೆ ಮಾಡಿದೆ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ.

ಬೆನೆ ಇಸ್ರೇಲರು ಕೊಂಕಣ ಕರಾವಳಿಯ ಯಹೂದಿಗಳು. ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದರು. ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ತು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ. ಅದಕ್ಕಾಗಿ ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಮನೆಮಾತು ಮರಾಠಿ. ಪೇಣ್‌ಕರ್, ದಿವೇಕರ್ ಹೀಗೆ ಊರಿನ ಹೆಸರೇ ಅಡ್ಡಹೆಸರು. ಇಸ್ರೇಲ್ ದೇಶ ಹುಟ್ಟಿದ 1948ರ ನಂತರ ಹೆಚ್ಚಿನವರು ಇಸ್ರೇಲ್‌ಗೆ ಹೋದರು. ಅಲ್ಲಿನ ಧರ್ಮಗುರುಗಳು ಇವರ ಯಹೂದಿತನವನ್ನೇ ಪ್ರಶ್ನಿಸಿದರು, ಮದುವೆಗೆ ಮುಂಚೆ ವಂಶ ವಿಚಾರಿಸಿದರು. ಜೆರುಸಲೇಮಿನಲ್ಲಿ ಧರಣಿ ಕೂತ ಮೇಲೆ, 1964ರಲ್ಲಿ ಆ ಪ್ರಶ್ನೆಗೆ ತೆರೆ ಬಿತ್ತು.

ನನ್ನ ಕೈಗೆ ಬಂದದ್ದು ಈ ಸಮುದಾಯದ ಅಜ್ಜಿಯೊಬ್ಬರು ನೋಟ್‌ಬುಕ್‌ನಲ್ಲಿ ಬರೆದಿಟ್ಟ ನೆನಪುಗಳು. ಅಲಿಬಾಗ್ ಕಡೆಯ ಹಳ್ಳಿ, ಮುಂಬಯಿಯ ಚಾಳ್, ಆಮೇಲೆ ಇಸ್ರೇಲ್. ಮೂರು ತಲೆಮಾರಿನ ಕಥೆ. ಇಷ್ಟನ್ನೂ ಅರ್ಧ ಗಂಟೆಯಲ್ಲಿ ಹೇಳಲು ಆಗುವುದಿಲ್ಲ, ಅಲ್ವಾ?

ಇಲ್ಲಿ ನನಗೆ ದಾರಿ ತೋರಿಸಿದ್ದು ಹಾಲಿವುಡ್ ನಟಿ ನಟಾಲಿ ಪೋರ್ಟ್‌ಮನ್. 2015ರಲ್ಲಿ ಬಂದ, ತಾವು ನಿರ್ದೇಶಿಸಿದ ಮೊದಲ ಪೂರ್ಣ ಚಿತ್ರಕ್ಕೆ ಅವರು ಆಯ್ದುಕೊಂಡಿದ್ದು ಇಸ್ರೇಲಿನ ಲೇಖಕ ಆಮೋಸ್ ಓಜ್ ಅವರ ಬಾಲ್ಯದ ನೆನಪುಗಳನ್ನು. ಓಜ್ ಅವರ ಪುಸ್ತಕದಲ್ಲಿ ದೊಡ್ಡ ಬಳಗವಿದೆ, ಒಂದು ದೇಶ ಹುಟ್ಟುವ ಕಥೆಯಿದೆ. ಓಜ್ ಹನ್ನೆರಡು ವರ್ಷದ ಹುಡುಗನಾಗಿದ್ದಾಗ, 1952ರಲ್ಲಿ ತೀರಿಕೊಂಡ ತಾಯಿ ಫಾನಿಯಾ ಇದ್ದಾರೆ. ಪೋರ್ಟ್‌ಮನ್ ತಾಯಿ-ಮಗನ ಎಳೆಯನ್ನು ಗಟ್ಟಿಯಾಗಿ ಹಿಡಿದರು. ಇಂಗ್ಲಿಷಿನಲ್ಲಿ ಮಾಡಿದ್ದರೆ ಜಗತ್ತಿನ ಮಾರುಕಟ್ಟೆ ಸುಲಭವಾಗಿ ಸಿಗುತ್ತಿತ್ತು. ಅವರು ಹೀಬ್ರೂನಲ್ಲಿ, ಜೆರುಸಲೇಮಿನಲ್ಲೇ ಚಿತ್ರೀಕರಿಸಿದರು. ಒಂದೇ ಎಳೆ, ಆ ಮನೆಯದೇ ಭಾಷೆ: ಈ ಎರಡು ನಿರ್ಧಾರಗಳನ್ನು ನಾನೂ ಅನುಸರಿಸಿದೆ. ಮರಾಠಿ ಬಿಟ್ಟು ಬೇರೆ ಭಾಷೆಯಲ್ಲಿ ಆ ಅಜ್ಜಿ ಬೈಯುವುದನ್ನು ಊಹಿಸಲೂ ನನಗೆ ಆಗಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಬೇರೆ ದಾರಿ ಹಿಡಿದೆ. ಅವರು ತಾಯಿಯ ಪಾತ್ರವನ್ನೂ ತಾವೇ ಮಾಡಿದ್ದರು. ನಾನು ಬಣ್ಣ ಹಚ್ಚಲಿಲ್ಲ. ಉಳಿದ ನಟರನ್ನು ಪೂರ್ತಿ ನೋಡಬೇಕು ಅನ್ನೋದು ನನ್ನ ಆಸೆಯಾಗಿತ್ತು.

ನೆನಪಿನ ಬರಹಕ್ಕೆ ಒಂದು ಗುಣವಿದೆ. ಅಲ್ಲಿ ಎಲ್ಲವೂ ‘ಪ್ರತಿ ವಾರ’, ‘ಯಾವಾಗಲೂ’ ನಡೆಯುತ್ತಿರುತ್ತದೆ. ಓದುವಾಗ ಹಿತ. ಕ್ಯಾಮೆರಾದ ಮುಂದೆ ‘ಯಾವಾಗಲೂ’ ಅನ್ನೋದನ್ನು ಯಾವ ನಟನೂ ಅಭಿನಯಿಸಲಾರ. ಅವನಿಗೆ ಒಂದು ದಿನ ಬೇಕು, ಒಂದು ಗಳಿಗೆ ಬೇಕು, ಕೈಗೆ ಕೆಲಸ ಬೇಕು. ಹಾಗಾಗಿ ನೋಟ್‌ಬುಕ್‌ನ ಎಲ್ಲಾ ಶುಕ್ರವಾರಗಳನ್ನೂ ಒಂದೇ ಶುಕ್ರವಾರಕ್ಕೆ ಇಳಿಸಿದೆ. ಕುಟುಂಬ ಹಡಗು ಹತ್ತುವ ಮುಂಚಿನ ಕೊನೆಯ ಶುಕ್ರವಾರ. ಹೊರಡುವ ಕಾಗದಪತ್ರ ಬಂದಾಗಿದೆ. ಸೊಸೆಗೆ ಹೋಗುವ ಆಸೆ, ಅತ್ತೆಗೆ ಮನಸ್ಸಿಲ್ಲ. ಇಬ್ಬರೂ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಆ ಸಂಜೆಯ ಪ್ರಾರ್ಥನೆಗೆ ಈ ಮನೆಗಳಲ್ಲಿ ವೈನ್ ಬದಲು ಒಣದ್ರಾಕ್ಷಿಯ ಶರಬತ್ತು ಮಾಡುತ್ತಾರೆ. ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸುತ್ತಾರೆ. ಚಿತ್ರದ ಮುಖ್ಯ ದೃಶ್ಯ ಇದೇ. ಅತ್ತೆಯ ಪಾತ್ರ ಮಾಡಿದ ಕಲಾವಿದೆಗೆ ‘ದುಃಖ ತೋರಿಸಿ’ ಅಂತ ನಾನು ಹೇಳಲಿಲ್ಲ. ನಟನಾಗಿ ಆ ಮಾತು ಎಷ್ಟು ನಿರುಪಯೋಗಿ ಅಂತ ನನಗೆ ಗೊತ್ತು. ‘ಒಂದು ಬೀಜವೂ ಬಟ್ಟೆ ದಾಟಬಾರದು, ಅಷ್ಟೇ ನೋಡಿಕೊಳ್ಳಿ ಅಕ್ಕಾ’ ಎಂದೆ. ಅವರು ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಹಿಂಡಿದರು. ಬೆರಳ ಸಂದಿಯಲ್ಲಿ ಕಂದು ರಸ ಇಳಿಯಿತು. ಮತ್ತೊಮ್ಮೆ ಹಿಂಡಿದರು. ಆಮೇಲೆ ಆ ಬಟ್ಟೆಯನ್ನು ತೊಳೆಯದೆ, ಹಾಗೇ ಸೊಸೆಯ ಕೈಗೆ ಕೊಟ್ಟರು. ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಸೊಸೆ ಪಾತ್ರದ ಹುಡುಗಿ ತಡಮಾಡದೆ ಅದನ್ನು ಹಿಡಿದು ತಾನೂ ಹಿಂಡಿದಳು. ಬರೆದಿಟ್ಟಿದ್ದ ಸಂಭಾಷಣೆಯನ್ನೆಲ್ಲ ಅಲ್ಲೇ ತೆಗೆದುಹಾಕಿದೆ.

ಸಬ್ಬತ್ತಿನ ದೃಶ್ಯವನ್ನು ಸಬ್ಬತ್ತಿನ ದಿನ ಚಿತ್ರೀಕರಿಸಲು ಬರುವುದಿಲ್ಲ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಬೆಂಕಿ, ಕೆಲಸ ಎರಡೂ ನಿಷಿದ್ಧ. ನಮಗೆ ಆಚರಣೆ ಹೇಳಿಕೊಡುತ್ತಿದ್ದ ಹಿರಿಯರು ಸೆಟ್‌ನಲ್ಲಿ ಇರಬೇಕಾದರೆ ವಾರದ ನಡುವೆಯೇ ಮಾಡಬೇಕು. ಮಂಗಳವಾರ ದೀಪ ಹಚ್ಚಿದೆವು. ಗಾಜಿನ ಬಟ್ಟಲಿನಲ್ಲಿ ನೀರು, ಅದರ ಮೇಲೆ ಎಣ್ಣೆ, ಬತ್ತಿ. ಶನಿವಾರ ಇಡೀ ತಂಡಕ್ಕೆ ರಜೆ ಕೊಟ್ಟೆ. ಖರ್ಚು ಜಾಸ್ತಿಯಾಯಿತು, ಆದರೆ ಆ ಹಿರಿಯರು ನಮ್ಮನ್ನು ನಂಬಿದರು. ಅಡುಗೆಮನೆಯ ಸಾಮಾನನ್ನೂ ಅವರೇ ಪರೀಕ್ಷಿಸಿದರು. ಮಾಂಸದ ಜೊತೆ ಹಾಲು ಸೇರಿಸುವಂತಿಲ್ಲ. ಸಾರಿಗೆ, ಸಿಹಿಗೆ ತೆಂಗಿನ ಹಾಲೇ. ಹಾಗಾಗಿ ತುರಿಮಣೆ ಪ್ರತಿ ಶಾಟ್‌ನಲ್ಲೂ ಕಾಣುತ್ತದೆ.

ಅನುಮತಿಯ ವಿಷಯ ಹೇಳಲೇಬೇಕು. ಬರೆದ ಅಜ್ಜಿ ಈಗಿಲ್ಲ. ಮಕ್ಕಳಲ್ಲಿ ಕೆಲವರು ಮುಂಬಯಿ ಪಕ್ಕದ ಠಾಣೆ ನಗರದಲ್ಲಿ, ಕೆಲವರು ಇಸ್ರೇಲ್‌ನಲ್ಲಿ. ಎಲ್ಲರಿಂದಲೂ ಲಿಖಿತ ಒಪ್ಪಿಗೆ ತೆಗೆದುಕೊಂಡೆ. ತಂದೆ-ತಾಯಿ ಜಗಳದ ಭಾಗ ಬೇಡ ಎಂದರು ಹಿರಿಯ ಮಗ. ನಾನು ವಾದ ಮಾಡಲಿಲ್ಲ. ಕಲಾವಿದರನ್ನು ಅವರ ಮನೆಗೇ ಕರೆದುಕೊಂಡು ಹೋಗಿ ಆ ಭಾಗ ಓದಿಸಿದೆ. ಕೇಳಿದ ಮೇಲೆ ಆ ಹಿರಿಯ ಮಗ, ‘ನಮ್ಮಪ್ಪ ಇಷ್ಟು ಜೋರಾಗಿ ಕೂಗುತ್ತಿರಲಿಲ್ಲ, ದನಿ ಇಳಿಸುತ್ತಿದ್ದರು’ ಎಂದರು. ದನಿ ಇಳಿಸಿದೆವು. ದೃಶ್ಯ ಉಳಿಯಿತು, ಮುಂಚಿಗಿಂತ ಬಿಗಿಯೂ ಆಯಿತು. ಕುಟುಂಬದ ನೆನಪು ಮುಟ್ಟುವವರು ಶೂಟಿಂಗ್‌ಗೆ ಮುಂಚೆಯೇ ಹೀಗೊಂದು ಓದು ಇಟ್ಟುಕೊಳ್ಳಲೇಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಈಗ ಕನ್ನಡ ಮತ್ತು ಹೀಬ್ರೂ ಸಬ್‌ಟೈಟಲ್ ಕೆಲಸ ನಡೆದಿದೆ. ಹೀಬ್ರೂ ಬೇಕಾಗಿರುವುದು ಆ ಮನೆಯ ಮೊಮ್ಮಕ್ಕಳಿಗೇ. ಮುಂದೆ ಕನ್ನಡದಲ್ಲೇ ಒಂದು ಮಾಡುವ ಆಸೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಬೆನೆ ಇಸ್ರೇಲಿ ಅಧಿಕಾರಿ ಸ್ಯಾಮ್ಯುಯೆಲ್ ದಿವೇಕರ್ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿದ್ದರು. ಟಿಪ್ಪುವಿನ ತಾಯಿಯ ಮಾತಿನಿಂದ ಅವರ ಜೀವ ಉಳಿಯಿತು ಎಂದು ಸಮುದಾಯದವರು ಇಂದಿಗೂ ಹೇಳುತ್ತಾರೆ. ಬಿಡುಗಡೆಯಾಗಿ ಬಂದವರು ಹರಕೆ ತೀರಿಸಲು 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಟ್ಟಿಸಿದರು. ಅದು ಮಸ್ಜಿದ್ ಸ್ಟೇಷನ್ ಹತ್ತಿರ ಈಗಲೂ ಇದೆ. ಮೈಸೂರಿನ ಸೆರೆಯ ಆ ದಿನಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ.